ಮೋಡಕ್ಕೆ ಬೆಂಕಿ ಬಿದ್ದಾಗ

ಫ್ರಾನ್ಸ್ ದೇಶದ ಪೂರ್ವದ ಗಡಿಯಲ್ಲಿ, ರೈನ್ ನದಿಯ ದಡದ ಮೇಲೆ ಸ್ಟ್ರಾಸ್‌ಬರ್ಗ್ ಎಂಬ ಪುರಾತನ ನಗರವಿದೆ. 2021ನೆಯ ಇಸವಿ ಮಾರ್ಚ್ 10ರಂದು, ನಡುರಾತ್ರಿ ಕಳೆದು ಮುಕ್ಕಾಲು ಗಂಟೆಯಾಗಿದ್ದಾಗ, ಆ ನಗರದ ಬಂದರಿನ ಬಳಿಯ ಐದು ಅಂತಸ್ತಿನ ಕಟ್ಟಡವೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಅಲ್ಲಿ ಸಂಸಾರವಂದಿಗರಾರೂ ವಾಸವಾಗಿರಲಿಲ್ಲ. ಹತ್ತಿಯ ಮೂಟೆಗಳಾಗಲಿ ಎಣ್ಣೆಯ ಪೀಪಾಯಿಗಳಾಗಲಿ ಇರಲಿಲ್ಲ. ಅಂತಸ್ತು ಅಂತಸ್ತಿಗೂ ಕಬ್ಬಿಣದ ಕಪಾಟುಗಳು. ಕಪಾಟು ಕಪಾಟಿನಲ್ಲಿಯೂ ಹಗಲಿರುಳು ಎಚ್ಚತ್ತಿರುವ ಕಂಪ್ಯೂಟರುಗಳು.

ಸುಮಾರು ನೂರು ಮಂದಿ ಅಗ್ನಿಶಾಮಕ ದಳದವರು ಧಾವಿಸಿ ಬಂದರು. ವಿದ್ಯುತ್ ಕೊಠಡಿಯ ಬಾಗಿಲಿನ ಸುತ್ತ ಒಂದು ಮೀಟರಿಗೂ ಮಿಕ್ಕ ಉದ್ದದ ಕಿಡಿಗಳು ಚಿಮ್ಮುತ್ತಿದ್ದವು. ಇಡೀ ಆವರಣದ ವಿದ್ಯುತ್ತನ್ನು ಒಂದೇ ಏಟಿಗೆ ನಿಲ್ಲಿಸುವ ಏರ್ಪಾಡು ಇರಲಿಲ್ಲವಾದುದರಿಂದ ಅದನ್ನು ಪೂರ್ತಿಯಾಗಿ ಕಡಿಯುವುದಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ತಾನಾಗಿಯೇ ನೀರೆರಚಿ ಬೆಂಕಿ ನಂದಿಸುವ ಉಪಕರಣವೂ ಇರಲಿಲ್ಲ. ಹೊರಗಿನ ಗಾಳಿಯನ್ನೇ ಒಳಗೆ ಹಾಯಿಸಿ ಯಂತ್ರಗಳನ್ನು ತಂಪಾಗಿಡುವ ಮಿತವ್ಯಯದ ಉಪಾಯವೊಂದನ್ನು ಆ ಕಟ್ಟಡದಲ್ಲಿ ಅಳವಡಿಸಿದ್ದರು. ಅಂದು ಅದೇ ಹೊಗೆಗೂಡಾಗಿ ಉರಿಯನ್ನು ಮೇಲಕ್ಕೆ ಸೆಳೆಯಿತು. ಬೆಳಗಾಗುವ ಹೊತ್ತಿಗೆ ಆ ಕಟ್ಟಡ ಇಲ್ಲವಾಗಿತ್ತು. ಪಕ್ಕದ್ದರಲ್ಲಿ ಹನ್ನೆರಡು ಕೊಠಡಿಗಳ ಪೈಕಿ ನಾಲ್ಕು ಸುಟ್ಟಿದ್ದವು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಆ ಕಟ್ಟಡ ಓವಿಎಚ್ ಎಂಬ ಫ್ರೆಂಚ್ ಸಂಸ್ಥೆಯದು. ‘ಕ್ಲೌಡ್’ ಎಂದರೆ ಮೋಡ ಎಂದು ಹೆಸರಿಟ್ಟು ಲೋಕದ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡುವ ಗಣಕ ಸೌಕರ್ಯವನ್ನು ಯೂರೋಪಿನಲ್ಲಿ ಒದಗಿಸುವ ದೊಡ್ಡ ಸಂಸ್ಥೆಗಳಲ್ಲಿ ಅದೊಂದು. ಅಂದು ಮೂವತ್ತಾರು ಲಕ್ಷ ಜಾಲತಾಣಗಳು ಕಣ್ಮರೆಯಾದವೆಂದು ನೆಟ್‌ಕ್ರಾಫ್ಟ್ ಎಂಬ ಸಂಸ್ಥೆ ಅಂದಾಜು ಮಾಡಿತು. ಪ್ಯಾರಿಸಿನ ಪ್ರಸಿದ್ಧ ಕಲಾಕೇಂದ್ರವಾದ ಪಾಂಪಿಡೂವಿನ ತಾಣವೂ ಅವುಗಳಲ್ಲಿ ಸೇರಿತ್ತು. ‘ರಸ್ಟ್’ ಎಂಬ ಆಟವನ್ನು ನಡೆಸುವವರು ತಮ್ಮ ಯೂರೋಪಿನ ಸರ್ವರುಗಳಲ್ಲಿದ್ದ ಆಟಗಾರರ ದಾಖಲೆಯೆಲ್ಲ ಮರಳಿ ಬಾರದಂತೆ ಹೋಯಿತೆಂದು ಸಾರಿದರು. ನಿಮ್ಮ ನಿಮ್ಮ ಆಪತ್ಕಾಲದ ಯೋಜನೆಗಳನ್ನು ಈಗ ಕಾರ್ಯಕ್ಕೆ ತನ್ನಿರಿ ಎಂದು ಓವಿಎಚ್‌ನ ಸ್ಥಾಪಕರು ಗಿರಾಕಿಗಳಿಗೆ ಸೂಚಿಸಿದರು. ಅಂಥ ಯೋಜನೆಯೊಂದು ಇರಬೇಕಾಗಿತ್ತೆಂಬುದು ಎಷ್ಟೋ ಮಂದಿ ಗಿರಾಕಿಗಳಿಗೆ ಹೊಳೆದದ್ದು ಆ ಬೆಳಿಗ್ಗೆಯೇ.

ಕೆಲವರು ಮುಂಜಾಗರೂಕತೆಯಿಂದ ಹೆಚ್ಚಿಗೆ ಹಣ ತೆತ್ತು ತಮ್ಮ ಲೆಕ್ಕಪತ್ರಗಳ ನಕಲು ಪ್ರತಿ ಇಡಿಸಿದ್ದರು. ಅಂಥವರಲ್ಲೊಬ್ಬರಿಗೆ ತಿಳಿದುಬಂದ ಸಂಗತಿಯೆಂದರೆ, ಅಸಲು ಇದ್ದ ಕಟ್ಟಡದಲ್ಲಿಯೇ ನಕಲೂ ಇದ್ದಿತು! ಒಪ್ಪಂದದಲ್ಲಿ ನಕಲು ಪ್ರತಿಯನ್ನು ಅಸಲಿನಿಂದ ಭೌತಿಕವಾಗಿ ಬೇರ್ಪಡಿಸಿ ಇಡುವುದಾಗಿ ಬರೆದಿತ್ತು. ಲಿಲ್ ನಗರದ ವಾಣಿಜ್ಯ ನ್ಯಾಯಾಲಯ 2023ರ ಜನವರಿಯಲ್ಲಿ ಆ ಗಿರಾಕಿಯ ಪರವಾಗಿ ತೀರ್ಪು ಕೊಟ್ಟು ಪರಿಹಾರ ಕೊಡಿಸಿತು. ಪತ್ರವನ್ನೂ ಅದರ ನಕಲನ್ನೂ ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಅಜ್ಜಂದಿರನ್ನು ಕಂಡು ನಗುವವರು ಈ ತೀರ್ಪನ್ನು ಒಮ್ಮೆ ಓದಬೇಕು.

ಹೆಸರಿನ ಮಾಯೆ

ಈ ವಿದ್ಯೆಗೆ ಮೋಡವೆಂದು ಹೆಸರಿಟ್ಟವರು ಕವಿಗಳಲ್ಲ. ದೂರವಾಣಿಯ ಹಾಗೂ ಕಂಪ್ಯೂಟರುಗಳ ಜಾಲವನ್ನು ಕಾಗದದ ಮೇಲೆ ಬರೆಯುವಾಗ, ನಡುವಣ ತಂತಿಗಳ ಗೋಜಲನ್ನೆಲ್ಲ ವಿವರವಾಗಿ ತೋರಿಸುವ ಬದಲು ಎಂಜಿನಿಯರುಗಳು ಒಂದು ಮೋಡದ ಚಿತ್ರ ಬರೆದು ಮುಂದುವರಿಯುತ್ತಿದ್ದರು. ಇದರೊಳಗೆ ಏನಾದರೂ ನಡೆಯಲಿ, ನಿಮಗೆ ಚಿಂತೆ ಬೇಡ ಎಂಬುದು ಅದರ ಇಂಗಿತ. ಆ ಗುರುತೇ ಕಾಲಕ್ರಮದಲ್ಲಿ ಹೆಸರಾಯಿತು. ಚಿಂತೆ ಬೇಡವೆಂಬ ಇಂಗಿತವೂ ಹೆಸರಿನೊಡನೆ ಉಳಿದುಕೊಂಡಿತು. ಅನರ್ಥಕ್ಕೆ ಬೀಜವಾದದ್ದು ಅದೇ.

ಕಲ್ಪನೆಯೇನೋ ಹಳೆಯದು. ವಿದ್ಯುತ್ತನ್ನೂ ದೂರವಾಣಿಯನ್ನೂ ಊರಿಗೆಲ್ಲ ಹಂಚುವಂತೆ ಗಣಕಶಕ್ತಿಯನ್ನೂ ಒಂದು ದಿನ ಹಂಚಬಹುದೆಂದು ಜಾನ್ ಮೆಕಾರ್ಥಿ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿಯೇ ಹೇಳಿದ್ದರು. ಅದು ವ್ಯಾಪಾರವಾಗಿ ಕೈಗೂಡಿದ್ದು 2006ರಲ್ಲಿ. ಪುಸ್ತಕ ಮಾರಿ ಹೆಸರಾಗಿದ್ದ ಅಮೆಜಾನ್ ಸಂಸ್ಥೆ ಆ ವರ್ಷದ ಮಾರ್ಚಿಯಲ್ಲಿ ದಾಖಲೆ ಕೂಡಿಡುವ ಉಗ್ರಾಣವನ್ನೂ ಆಗಸ್ಟಿನಲ್ಲಿ ಗಂಟೆಯ ಲೆಕ್ಕದ ಬಾಡಿಗೆಗೆ ಕಂಪ್ಯೂಟರುಗಳನ್ನೂ ಸಾರ್ವಜನಿಕರಿಗೆ ತೆರೆಯಿತು. ಮೈಕ್ರೊಸಾಫ್ಟ್, ಗೂಗಲ್ ಮೊದಲಾದವು ಹಿಂಬಾಲಿಸಿದವು.

ವ್ಯಾಪಾರಸ್ಥನಿಗೆ ಇದರಲ್ಲಿರುವ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದು. ಬಟ್ಟೆ ಅಂಗಡಿಯವನಿಗೆ ದೀಪಾವಳಿಯ ಹದಿನೈದು ದಿನ ಹತ್ತು ಮಂದಿ ಗುಮಾಸ್ತೆಯರು ಬೇಕು. ಆಷಾಢದಲ್ಲಿ ಇಬ್ಬರು ಸಾಕು. ಗುಮಾಸ್ತೆಯರನ್ನಾದರೆ ಹಬ್ಬಕ್ಕೆಂದು ತಾತ್ಕಾಲಿಕವಾಗಿ ಕರೆತರಬಹುದು. ಕಂಪ್ಯೂಟರುಗಳನ್ನು ಹಬ್ಬದ ಲೆಕ್ಕದಲ್ಲಿಯೇ ಕೊಂಡಿಡಬೇಕಾಗಿತ್ತು. ಉಳಿದ ಹನ್ನೊಂದು ತಿಂಗಳು ಅವು ವಿದ್ಯುತ್ ತಿನ್ನುತ್ತ ಕೂತಿರುತ್ತಿದ್ದವು. ಮೋಡದಲ್ಲಿ ಆ ತಾಪತ್ರಯವಿಲ್ಲ. ಬೇಕೆಂದಾಗ ನೂರು ಯಂತ್ರ, ಬೇಡವೆಂದಾಗ ಹತ್ತು; ಮೀಟರು ಓಡಿದಷ್ಟಕ್ಕೆ ದುಡ್ಡು. ಆದರೆ ಬಾಡಿಗೆಗೆ ಸಿಗುವುದು ಯಂತ್ರ ಮಾತ್ರ. ಆ ಯಂತ್ರ ಕೆಟ್ಟಾಗ ಅಂಗಡಿ ಮುಚ್ಚಬೇಕೋ ಬೇಡವೋ ಎಂಬುದು ಅಂಗಡಿಯ ಕಟ್ಟೋಣದ ಮೇಲೆ ನಿಂತಿರುತ್ತದೆ, ಮತ್ತು ಕಟ್ಟೋಣ ಬಾಡಿಗೆಗೆ ಬರುವುದಿಲ್ಲ.

ಮೂರು ದಿನ ನಿಂತ ಅಂಚೆ

ಇದನ್ನು ಬಹಳ ಕಷ್ಟಪಟ್ಟು, ಬಹಳ ಚೆನ್ನಾಗಿ ಕಲಿತ ಸಂಸ್ಥೆಯೆಂದರೆ ನೆಟ್‌ಫ್ಲಿಕ್ಸ್. ಇಂದು ಮನೆಮನೆಯ ಪರದೆಯ ಮೇಲೆ ಚಲನಚಿತ್ರ ತೋರಿಸುವ ಈ ಸಂಸ್ಥೆಯ ಮುಖ್ಯ ವ್ಯವಹಾರ 2008ರಲ್ಲಿ ಇನ್ನೂ ಚಿತ್ರಗಳ ಡಿವಿಡಿ ತಟ್ಟೆಗಳನ್ನು ಕೆಂಪು ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ಕಳಿಸುವುದಾಗಿತ್ತು. ಅಮೆರಿಕದಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕ ಚಂದಾದಾರರಿದ್ದರು. ಯಾರಿಗೆ ಯಾವ ತಟ್ಟೆ ಹೋಗಬೇಕು, ಯಾವುದು ಹಿಂದಿರುಗಿದೆ ಎಂಬ ಲೆಕ್ಕವೆಲ್ಲ ಸಂಸ್ಥೆಯ ಸ್ವಂತ ಕೇಂದ್ರದ ಒಂದು ದೊಡ್ಡ ದತ್ತಾಂಶ ಭಂಡಾರದಲ್ಲಿತ್ತು. ಆ ವರ್ಷದ ಆಗಸ್ಟಿನಲ್ಲಿ ಆ ಭಂಡಾರ ಕೆಟ್ಟಿತು. ಮೂರು ದಿನ ಒಂದು ತಟ್ಟೆಯನ್ನೂ ಕಳಿಸಲಾಗಲಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯರು ಮಾಡುವುದು ಇನ್ನೂ ದೊಡ್ಡ, ಇನ್ನೂ ಬೆಲೆಬಾಳುವ ಯಂತ್ರವನ್ನು ತರಿಸುವುದು. ನೆಟ್‌ಫ್ಲಿಕ್ಸಿನ ಎಂಜಿನಿಯರುಗಳು ತಿರುವುಮುರುವಾಗಿ ಯೋಚಿಸಿದರು. ದೋಷ ಯಂತ್ರ ಚಿಕ್ಕದಾಗಿದ್ದುದರಲ್ಲಿಲ್ಲ. ಅದು ಒಂದೇ ಆಗಿದ್ದುದರಲ್ಲಿತ್ತು. ಮನೆಯ ತೂಕವನ್ನೆಲ್ಲ ಒಂದೇ ಕಂಬದ ಮೇಲೆ ಹೊರಿಸಿದರೆ ಆ ಕಂಬ ತೇಗದ್ದಾದರೇನು, ಕಲ್ಲಿನದಾದರೇನು? ಸಂಸ್ಥೆ ಅಮೆಜಾನಿನ ಮೋಡಕ್ಕೆ ವಲಸೆ ಹೋಗಲು ನಿಶ್ಚಯಿಸಿತು.

ವಲಸೆ ಹೋಗುವುದರಲ್ಲಿ ಎರಡು ಬಗೆ. ಹಳೆಯ ಕೇಂದ್ರದಲ್ಲಿದ್ದುದನ್ನೆಲ್ಲ ಇದ್ದಂತೆಯೇ ಗಾಡಿಗೆ ಹೇರಿ ಹೊಸ ಮನೆಯಲ್ಲಿ ಇಳಿಸುವುದು ಸುಲಭದ ಬಗೆ. ಹೆಚ್ಚಿನ ವ್ಯಾಪಾರಿಗಳು ಹಿಡಿಯುವುದು ಇದನ್ನೇ. ಇದರಲ್ಲಿ ಹಳೆಯ ಮನೆಯ ತಿಗಣೆಯೂ ಮಂಚದ ಸಂಗಡ ಬರುತ್ತದೆ. ನೆಟ್‌ಫ್ಲಿಕ್ಸ್ ಎರಡನೆಯ ಬಗೆಯನ್ನು ಹಿಡಿದು ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿತು. ಒಂದೇ ಬೃಹತ್ ಕ್ರಮವಿಧಿಯಾಗಿದ್ದುದನ್ನು ನೂರಾರು ಚಿಕ್ಕ ಚಿಕ್ಕ ಸೇವೆಗಳಾಗಿ ಒಡೆದರು. ಹುಡುಕಿಕೊಡುವುದು ಒಂದರ ಕೆಲಸ, ಶಿಫಾರಸು ಮಾಡುವುದು ಇನ್ನೊಂದರದು, ಹಣ ವಸೂಲು ಮಾಡುವುದು ಮತ್ತೊಂದರದು. ಒಂದು ಮಲಗಿದರೆ ಉಳಿದವು ಅದನ್ನು ಬಿಟ್ಟು ನಡೆಯಬೇಕು. ಶಿಫಾರಸಿನ ಸೇವೆ ಕೆಟ್ಟರೆ ಪ್ರೇಕ್ಷಕನಿಗೆ ಜನಪ್ರಿಯ ಚಿತ್ರಗಳ ಸಾಮಾನ್ಯ ಪಟ್ಟಿಯೊಂದು ಕಾಣಿಸಬೇಕೇ ಹೊರತು ಕಪ್ಪು ಪರದೆ ಕಾಣಿಸಕೂಡದು. ಗ್ರಾಹಕನ ನೆನಪನ್ನು ಯಾವ ಯಂತ್ರವೂ ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಳ್ಳಕೂಡದು. ಗುಮಾಸ್ತೆ ಬದಲಾದರೂ ಲೆಕ್ಕದ ಪುಸ್ತಕ ಕಪಾಟಿನಲ್ಲಿರುವಂತೆ ಅದು ಎಲ್ಲರ ಕೈಗೆಟಕುವ ಭಂಡಾರದಲ್ಲಿರಬೇಕು. ಆ ಭಂಡಾರವೂ ಹಲವು ಪ್ರತಿಗಳಾಗಿ ಹಲವು ಕಡೆ ಹರಡಿರಬೇಕು.

ಇದನ್ನು ಎರಡು ಸಾಲಿನಲ್ಲಿ ಹೇಳಿದಷ್ಟು ಸುಲಭವಾಗಿ ಮಾಡಲಾಗಲಿಲ್ಲ. ವಲಸೆ ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷಗಳೇ ಹಿಡಿದವು. ಹಣ ವಸೂಲಿಯ ಲೆಕ್ಕ ಕಟ್ಟಕಡೆಗೆ ಹೋದವುಗಳಲ್ಲೊಂದು. ಆ ತಿಂಗಳಲ್ಲಿಯೇ ಸಂಸ್ಥೆ ಭಾರತವೂ ಸೇರಿದಂತೆ ನೂರಮೂವತ್ತು ಹೊಸ ದೇಶಗಳಿಗೆ ಒಟ್ಟಿಗೆ ಕಾಲಿಟ್ಟಿತು. ಬೆಂಗಳೂರಿನ ಮನೆಯೊಂದರಲ್ಲಿ ರಾತ್ರಿಯೂಟದ ಬಳಿಕ ನೆಟ್‌ಫ್ಲಿಕ್ಸ್ ತೆರೆಯುವುದು ಸಾಧ್ಯವಾದುದರ ಹಿಂದೆ ಆ ಮೂರು ದಿನ ನಿಂತುಹೋದ ಅಂಚೆಯೂ ಇದೆ.

ಸಾಕಿದ ಕೋತಿ

ಹೊಸದಾಗಿ ಕಟ್ಟಿದುದು ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ನೆಟ್‌ಫ್ಲಿಕ್ಸಿನವರು ಹೂಡಿದ ಉಪಾಯ ಸೋಜಿಗದ್ದು. ‘ಕೇಯಾಸ್ ಮಂಕಿ’, ಅಂದರೆ ಹಾವಳಿಯ ಕೋತಿ, ಎಂಬ ಕ್ರಮವಿಧಿಯೊಂದನ್ನು ಅವರೇ ಬರೆದು ತಮ್ಮ ತೋಟದೊಳಕ್ಕೆ ತಾವೇ ಬಿಟ್ಟುಕೊಂಡರು. ಗ್ರಾಹಕರಿಗೆ ಸೇವೆ ಸಲ್ಲಿಸುತ್ತಿರುವ ಯಂತ್ರಗಳಲ್ಲಿ ಯಾವುದಾದರೊಂದನ್ನು ಮುನ್ಸೂಚನೆಯಿಲ್ಲದೆ ನಂದಿಸಿಬಿಡುವುದು ಅದರ ಕೆಲಸ. ಅದೂ ಕಚೇರಿಯ ವೇಳೆಯಲ್ಲಿ! ನಡುರಾತ್ರಿಯಲ್ಲಿ ತಾನಾಗಿ ಕೆಡಲಿರುವುದು ಹಗಲಿನಲ್ಲಿ, ಎಂಜಿನಿಯರುಗಳು ಮೇಜಿನ ಮುಂದಿರುವಾಗಲೇ ಕೆಡಲಿ ಎಂಬುದು ಇದರ ತತ್ತ್ವ. ಪ್ರತಿದಿನವೂ ಕೋತಿ ಬರುವ ತೋಟದಲ್ಲಿ ಮಾಲಿಗಳು ಒಂದೇ ಮರವನ್ನು ನಂಬಿ ಕೂರುವುದಿಲ್ಲ.

ಆದರೂ ಪೆಟ್ಟು ತಪ್ಪಲಿಲ್ಲ. 2012ರ ಡಿಸೆಂಬರ್ 24ರಂದು, ಅಮೆರಿಕದ ಸಂಸಾರಗಳೆಲ್ಲ ಕ್ರಿಸ್‌ಮಸ್ಸಿಗೆಂದು ಒಂದೆಡೆ ಸೇರಿ ಚಿತ್ರ ನೋಡಲು ಕೂತ ಸಂಜೆ, ನೆಟ್‌ಫ್ಲಿಕ್ಸ್ ಅನೇಕ ಮನೆಗಳಲ್ಲಿ ಕೈಕೊಟ್ಟಿತು. ಬರುವ ಬೇಡಿಕೆಗಳನ್ನು ಯಂತ್ರಗಳಿಗೆ ಹಂಚಿಕೊಡುವ ಅಮೆಜಾನಿನ ಸೇವೆಯೊಂದರ ಅಗತ್ಯ ದಾಖಲೆಗಳು ಆ ಸಂಸ್ಥೆಯಲ್ಲಿಯೇ ಪ್ರಮಾದವಶಾತ್ ಅಳಿಸಿಹೋಗಿದ್ದವು. ಒಂದೊಂದೇ ಯಂತ್ರ ಕೆಟ್ಟರೆ ತಾಳಿಕೊಳ್ಳುವಂತೆ ಕಟ್ಟಿದ್ದ ಮನೆ, ಇಡೀ ಪ್ರಾಂತಕ್ಕೆ ಗರ ಬಡಿದಾಗ ತಾಳಲಿಲ್ಲ.

ಇಲ್ಲಿ ಪ್ರಾಂತವೆಂದರೇನೆಂಬುದನ್ನು ಹೇಳಬೇಕು. ಮೋಡದ ಸಂಸ್ಥೆಗಳು ತಮ್ಮ ಕಟ್ಟಡಗಳನ್ನು ‘ರೀಜನ್’ ಎಂಬ ಪ್ರಾಂತಗಳಾಗಿ ವಿಂಗಡಿಸಿರುತ್ತವೆ. ಅಮೆಜಾನಿನ ಪದ್ಧತಿಯಲ್ಲಿ ಒಂದು ಪ್ರಾಂತದೊಳಗೆ ಹಲವು ‘ಜ಼ೋನ್’ಗಳು, ಎಂದರೆ ವಲಯಗಳು, ಒಂದೊಂದಕ್ಕೂ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ವಿದ್ಯುತ್ತು, ಪ್ರತ್ಯೇಕ ತಂಪು. ವಲಯಗಳ ನಡುವೆ ನೂರು ಕಿಲೋಮೀಟರಿಗಿಂತ ಹೆಚ್ಚು ದೂರವಿರುವುದಿಲ್ಲ. ಒಂದು ವಲಯಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಕೈಹಿಡಿಯುತ್ತದೆ. ಪ್ರಾಂತಕ್ಕೇ ಕುತ್ತು ಬಂದರೆ ಬೇರೊಂದು ಪ್ರಾಂತವೇ ಗತಿ. ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್‌ಗೆ ನಾಲ್ಕು ದತ್ತಾಂಶ ಕೇಂದ್ರಗಳಿದ್ದುವೇನೋ ನಿಜ. ನಾಲ್ಕೂ ಒಂದೇ ಆವರಣದಲ್ಲಿದ್ದವು. ಸುಡದೆ ಉಳಿದ ಕಟ್ಟಡಗಳ ವಿದ್ಯುತ್ತನ್ನೂ ಅಂದು ನಿಲ್ಲಿಸಬೇಕಾಯಿತು. ಸಂಖ್ಯೆ ಬೇರೆ, ದೂರ ಬೇರೆ.

ಕ್ರಿಸ್‌ಮಸ್ಸಿನ ಪೆಟ್ಟಿನ ಬಳಿಕ ನೆಟ್‌ಫ್ಲಿಕ್ಸ್ ಎರಡು ಪ್ರಾಂತಗಳಲ್ಲಿ ಏಕಕಾಲಕ್ಕೆ ಸಂಸಾರ ಹೂಡಿತು. ಕೋತಿಯ ಮೇಲೆ ಒಂದು ದೈತ್ಯವಾನರವನ್ನೂ ಸಾಕಿತು. ಇಡೀ ಪ್ರಾಂತವೊಂದನ್ನು ಖಾಲಿ ಮಾಡಿ ನೋಡುವ ಅಭ್ಯಾಸಕ್ಕೆ ‘ಕೇಯಾಸ್ ಕಾಂಗ್’ ಎಂದು ಹೆಸರು. 2015ರ ಸೆಪ್ಟೆಂಬರ್ 20ರಂದು ಅಮೆಜಾನಿನ ವರ್ಜೀನಿಯಾ ಪ್ರಾಂತದಲ್ಲಿ ದೊಡ್ಡ ತೊಡಕುಂಟಾಗಿ ಅನೇಕ ಸಂಸ್ಥೆಗಳು ಗಂಟೆಗಟ್ಟಲೆ ತತ್ತರಿಸಿದಾಗ, ನೆಟ್‌ಫ್ಲಿಕ್ಸ್ ಸ್ವಲ್ಪ ಹೊತ್ತು ತಡವರಿಸಿ ತನ್ನ ಪ್ರೇಕ್ಷಕರನ್ನು ಇನ್ನೊಂದು ಪ್ರಾಂತಕ್ಕೆ ತಿರುಗಿಸಿಕೊಂಡು ಮುನ್ನಡೆಯಿತು.

ಎರಡು ಊರು, ಎರಡು ಲೆಕ್ಕದ ಪುಸ್ತಕ

ಹಾಗಿದ್ದಲ್ಲಿ ಎಲ್ಲ ವ್ಯಾಪಾರಿಗಳೂ ತಮ್ಮ ಲೆಕ್ಕವನ್ನು ದೂರದೂರದ ಎರಡು ಊರುಗಳಲ್ಲಿ ಇಡಬಾರದೇಕೆ? ಈ ವಿದ್ಯೆಯ ಅತ್ಯಂತ ಬಿಗಿಯಾದ ಗಂಟು ಇರುವುದು ಇಲ್ಲಿಯೇ, ಮತ್ತು ಅದನ್ನು ಹಣ ಸುರಿದು ಬಿಡಿಸಲಾಗುವುದಿಲ್ಲ.

ಮೊದಲನೆಯ ಅಡ್ಡಿ ಬೆಳಕಿನ ವೇಗ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ವರ್ಜೀನಿಯಾಕ್ಕೆ ನೇರ ದಾರಿಯಲ್ಲಿಯೇ ಸುಮಾರು 13,000 ಕಿಲೋಮೀಟರ್; ಹೋಗಿಬರಲು ಸೆಕೆಂಡಿನ ಎಂಟನೆಯ ಒಂದು ಭಾಗಕ್ಕೆ ಕಡಮೆಯಿಲ್ಲ. ಕಡಲ ತಳದ ತಂತಿ ನೇರವಾಗಿ ಹೋಗುವುದಿಲ್ಲವಾಗಿ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಸಲಕ್ಕಾದರೆ ಇದು ಯಾರಿಗೂ ತಿಳಿಯದು. ಆದರೆ ಹಳೆಯ ಕಾಲದ ಕ್ರಮವಿಧಿಗಳು ಒಂದು ಬಿಲ್ಲು ಬರೆಯಲು ಭಂಡಾರದ ಕಡೆಗೆ ಇಪ್ಪತ್ತು ಸಲ ಓಡಿಬರುವುದುಂಟು. ಭಂಡಾರ ಪಕ್ಕದ ಕೋಣೆಯಲ್ಲಿದ್ದಾಗ ನಡೆಯುತ್ತಿದ್ದ ಈ ದುಂದುಗಾರಿಕೆ, ಭಂಡಾರ ಕಡಲಾಚೆ ಹೋದಾಗ ಮೂರು ನಾಲ್ಕು ಸೆಕೆಂಡಿನ ಕಾಯುವಿಕೆಯಾಗುತ್ತದೆ. ಗುಮಾಸ್ತೆ ಕಾಯುತ್ತಾನೆ, ಗಿರಾಕಿ ಕಾಯುವುದಿಲ್ಲ.

ಎರಡನೆಯ ಅಡ್ಡಿ ಇನ್ನೂ ಆಳವಾದುದು. ಒಬ್ಬ ಲೇವಾದೇವಿಗಾರನಿಗೆ ಎರಡು ಊರಿನಲ್ಲಿ ಎರಡು ಅಂಗಡಿಗಳಿವೆಯೆಂದುಕೊಳ್ಳೋಣ. ಎರಡರಲ್ಲಿಯೂ ಒಂದೇ ಲೆಕ್ಕದ ಪುಸ್ತಕದ ಪ್ರತಿಗಳು. ಇಲ್ಲಿ ಬರೆದುದನ್ನು ತಕ್ಷಣ ತಂತಿಯ ಮೂಲಕ ಅಲ್ಲಿಗೆ ತಿಳಿಸಿ ಎರಡನ್ನೂ ಹೊಂದಿಸುತ್ತಾರೆ. ಒಂದು ದಿನ ತಂತಿ ಕಡಿದುಹೋಯಿತು. ಅದೇ ಹೊತ್ತಿಗೆ ಗಿರಾಕಿಯೊಬ್ಬ ಬಂದು ತನ್ನ ಸಾವಿರ ರೂಪಾಯಿ ಕೇಳುತ್ತಾನೆ. ಅವನ ಪಾಲುದಾರ ಇನ್ನೊಂದು ಊರಿನಲ್ಲಿ ಅದೇ ಹಣವನ್ನು ಈಗಾಗಲೇ ತೆಗೆದುಕೊಂಡಿರಬಹುದು. ತಂತಿ ಸರಿಯಾಗುವವರೆಗೆ ಕೊಡುವುದಿಲ್ಲವೆಂದರೆ ಲೆಕ್ಕ ಉಳಿಯುತ್ತದೆ, ಗಿರಾಕಿ ಮುನಿಯುತ್ತಾನೆ. ಕೊಟ್ಟುಬಿಟ್ಟರೆ ಗಿರಾಕಿ ಹರಸುತ್ತಾನೆ, ಲೆಕ್ಕ ತಪ್ಪಬಹುದು. ಮೂರನೆಯ ದಾರಿಯಿಲ್ಲ. ಈ ಮಾತನ್ನು ಎರಿಕ್ ಬ್ರೂವರ್ ಎಂಬ ವಿಜ್ಞಾನಿ 2000ದಲ್ಲಿ ಊಹೆಯಾಗಿ ಮುಂದಿಟ್ಟರು. ಸೆತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಗಣಿತದಿಂದ ಸಾಧಿಸಿದರು.

ಆದ್ದರಿಂದ ಯಾವ ಪುಸ್ತಕಕ್ಕೆ ಯಾವ ನಿಯಮವೆಂಬುದನ್ನು ವ್ಯಾಪಾರಸ್ಥನೇ ಮುಂದಾಗಿ ತೀರ್ಮಾನಿಸಬೇಕು. ಅಮೆಜಾನ್ ತನ್ನ ಅಂಗಡಿಯ ಸಾಮಾನಿನ ಬುಟ್ಟಿಯ ವಿಷಯದಲ್ಲಿ ಮಾಡಿದ ತೀರ್ಮಾನ, 2007ರಲ್ಲಿ ಅದರ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧವೊಂದರಿಂದ ತಿಳಿದುಬರುತ್ತದೆ. ಬುಟ್ಟಿಗೆ ಹಾಕುವೆನೆಂದ ಗಿರಾಕಿಗೆ ಯಾವ ಸ್ಥಿತಿಯಲ್ಲಿಯೂ ಇಲ್ಲವೆನ್ನಬಾರದು. ಎರಡು ಕಡೆಯ ಬುಟ್ಟಿಗಳು ಬೇರೆ ಬೇರೆಯಾದರೆ ಆಮೇಲೆ ಕೂಡಿಸಿಕೊಳ್ಳಬೇಕು. ಹಾಗೆ ಕೂಡಿಸುವಾಗ ಗಿರಾಕಿ ಬೇಡವೆಂದು ತೆಗೆದಿಟ್ಟ ಸಾಮಾನು ಒಮ್ಮೊಮ್ಮೆ ಮತ್ತೆ ಬುಟ್ಟಿಯಲ್ಲಿ ಪ್ರತ್ಯಕ್ಷವಾಗಬಹುದು. ಆಗಲಿ, ವ್ಯಾಪಾರ ನಿಲ್ಲುವುದಕ್ಕಿಂತ ಅದು ಲೇಸೆಂದು ಅವರು ಬಗೆದರು. ಬುಟ್ಟಿಗೆ ಇದು ಸರಿ. ಬ್ಯಾಂಕಿನ ಖಾತೆಗೆ ಇದೇ ನಿಯಮ ಹಾಕಿದರೆ ಗತಿಯೇನು? ಯಂತ್ರಗಳ ವಿಷಯವೆಂದು ಇಂಥ ತೀರ್ಮಾನವನ್ನು ಎಂಜಿನಿಯರುಗಳ ತಲೆಗೆ ಕಟ್ಟಿ ಸುಮ್ಮನಾಗುವ ಯಜಮಾನರು, ತಮ್ಮ ಅಂಗಡಿಯ ಧರ್ಮವೇನೆಂಬುದನ್ನು ಬೇರೆಯವರು ನಿಶ್ಚಯಿಸಲು ಬಿಟ್ಟುಕೊಟ್ಟಂತಾಯಿತು.

ಬೆರಳಿನ ತಪ್ಪು, ಬರೆಯದೆ ಬಿಟ್ಟ ಜಾಗ

ಬೆಂಕಿ, ಮಳೆ, ಮುರಿದ ತಂತಿ ಇವಕ್ಕಿಂತ ಹೆಚ್ಚಾಗಿ ಮೋಡವನ್ನು ಕಾಡಿರುವುದು ಮನುಷ್ಯನ ಕೈ. 2017ರ ಫೆಬ್ರುವರಿ 28ರ ಬೆಳಿಗ್ಗೆ ಅಮೆಜಾನಿನ ನೌಕರರೊಬ್ಬರು ವರ್ಜೀನಿಯಾ ಪ್ರಾಂತದಲ್ಲಿ ನಿಧಾನವಾಗಿದ್ದ ಬಿಲ್ಲಿನ ವ್ಯವಸ್ಥೆಯನ್ನು ಪರಿಶೀಲಿಸುತ್ತ, ಕೆಲವೇ ಸರ್ವರುಗಳನ್ನು ಸೇವೆಯಿಂದ ತೆಗೆಯಲು ಆಜ್ಞೆಯೊಂದನ್ನು ಟೈಪು ಮಾಡಿದರು. ಅದರಲ್ಲಿ ಒಂದು ಅಂಶ ತಪ್ಪಾಗಿ ಬಿತ್ತು. ಉದ್ದೇಶಿಸಿದುದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೊರಗಾದವು. ಉಗ್ರಾಣದಲ್ಲಿ ಯಾವ ವಸ್ತು ಎಲ್ಲಿದೆಯೆಂದು ಹೇಳುವ ಸೂಚಿಯೇ ನಿಂತುಹೋಯಿತು. ಎಲ್ಲವೂ ಸರಿಹೋಗಲು ನಾಲ್ಕು ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ತನ್ನ ಸೇವೆಗಳ ಕುಶಲವನ್ನು ಸಾರುವ ಅಮೆಜಾನಿನ ಫಲಕವೂ ಆ ಉಗ್ರಾಣವನ್ನೇ ನೆಚ್ಚಿಕೊಂಡಿದ್ದುದರಿಂದ, ಕೆಟ್ಟಿದೆಯೆಂದು ಬರೆಯುವುದಕ್ಕೂ ಕೆಲಹೊತ್ತು ಆಗಲಿಲ್ಲ!

ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಕಥೆ ಇನ್ನೂ ಎದೆ ನಡುಗಿಸುವಂಥದು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ದುಡಿದು ಕೂಡಿಟ್ಟ ಸುಮಾರು 12,500 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ಆಡಳಿತ ಅದರದು. ಗೂಗಲಿನ ಮೋಡದಲ್ಲಿ ಅದಕ್ಕೆ ಪ್ರತ್ಯೇಕ ಆವರಣವಿತ್ತು. ಒಂದಕ್ಕೆ ಕುತ್ತು ಬಂದರೆ ಇರಲೆಂದು ಎರಡು ಸ್ಥಳಗಳಲ್ಲಿ ಜೋಡಿ ಪ್ರತಿಗಳೂ ಇದ್ದವು. 2024ರ ಮೇ ತಿಂಗಳ ಆರಂಭದಲ್ಲಿ ಆ ಆವರಣವೇ ಅಳಿಸಿಹೋಯಿತು, ಎರಡೂ ಸ್ಥಳಗಳಲ್ಲಿ. ಹಿಂದೆ ಅದನ್ನು ಏರ್ಪಡಿಸುವಾಗ ಗೂಗಲಿನ ಸಿಬ್ಬಂದಿ ಒಂದು ಜಾಗವನ್ನು ಭರ್ತಿ ಮಾಡದೆ ಬಿಟ್ಟಿದ್ದರು. ಬರೆಯದೆ ಬಿಟ್ಟ ಆ ಜಾಗಕ್ಕೆ ಯಂತ್ರ ತಾನೇ ‘ಒಂದು ವರ್ಷ’ ಎಂಬ ಅವಧಿ ಹಾಕಿಕೊಂಡಿತ್ತು. ಅವಧಿ ತೀರಿತು, ಯಾರನ್ನೂ ಕೇಳದೆ ಯಂತ್ರ ಅಳಿಸಿತು. ಜೋಡಿ ಪ್ರತಿ ಬೆಂಕಿಗೆ ಮದ್ದೇ ಹೊರತು ಇಂಥ ಆಜ್ಞೆಗೆ ಮದ್ದಲ್ಲ, ಏಕೆಂದರೆ ಆಜ್ಞೆ ಎರಡಕ್ಕೂ ಅನ್ವಯಿಸುತ್ತದೆ. ಒಂದು ವಾರಕ್ಕೂ ಹೆಚ್ಚು ಕಾಲ ಸದಸ್ಯರು ತಮ್ಮ ಖಾತೆಗಳನ್ನು ನೋಡಲಾರದೆ ಹೋದರು. ಗೂಗಲಿಗೆ ಸಂಬಂಧವಿಲ್ಲದ ಇನ್ನೊಂದು ಸಂಸ್ಥೆಯಲ್ಲಿ ಯೂನಿಸೂಪರ್ ಬೇರೆಯಾಗಿ ಬ್ಯಾಕಪ್ ಇಟ್ಟಿದ್ದುದು ಪುನಃ ಎತ್ತಿ ನಿಲ್ಲಿಸಲು ನೆರವಾಯಿತು. ಯಾರ ಹಣವೂ ಹೋಗಲಿಲ್ಲ.

ದಕ್ಷಿಣ ಕೊರಿಯಾದವರಿಗೆ ಆ ಭಾಗ್ಯವಿರಲಿಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಎದ್ದು, ಅಧಿಕಾರಿಗಳು ತಮ್ಮ ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟಿನ ಭಂಡಾರ ಸುಟ್ಟಿತು. ಅದರ ಪ್ರತಿ ಹೊರಗೆಲ್ಲಿಯೂ ಇರಲಿಲ್ಲ. ಭಂಡಾರ ಬಹಳ ದೊಡ್ಡದು, ಆದ್ದರಿಂದ ಪ್ರತಿ ಇಡಲಾಗಿರಲಿಲ್ಲವೆಂಬುದು ಆಗ ಕೊಟ್ಟ ಕಾರಣ.

ಬೀಗದ ಕೈ ಯಾರಲ್ಲಿ?

ಕಟ್ಟಡ, ಕಾವಲು, ವಿದ್ಯುತ್ತು ಮೋಡದ ಸಂಸ್ಥೆಯ ಹೊಣೆ. ಒಳಗಿನ ಪೆಟ್ಟಿಗೆಗೆ ಬೀಗ ಹಾಕುವುದು ಬಾಡಿಗೆದಾರನ ಹೊಣೆ. ಈ ಗೆರೆಯನ್ನು ಒಪ್ಪಂದಗಳಲ್ಲಿ ಸ್ಪಷ್ಟವಾಗಿ ಎಳೆದಿರುತ್ತಾರೆ, ಆದರೆ ಓದುವವರು ಕಡಮೆ. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಮೆಜಾನಿನ ಮೋಡದಲ್ಲಿತ್ತು. ತನ್ನದೇ ರಕ್ಷಣಾ ಗೋಡೆಯೊಂದನ್ನು ಸರಿಯಾಗಿ ಹೊಂದಿಸಿರಲಿಲ್ಲವಾದುದರಿಂದ ಅಮೆರಿಕದಲ್ಲಿಯೇ ಸುಮಾರು ಹತ್ತು ಕೋಟಿ ಜನರ ವಿವರಗಳು ಅನ್ಯರ ಕೈಸೇರಿದುವೆಂಬುದು 2019ರಲ್ಲಿ ಬೆಳಕಿಗೆ ಬಂದಿತು. ಮರುವರ್ಷ ಎಂಟು ಕೋಟಿ ಡಾಲರ್ ದಂಡ ತೆತ್ತದ್ದು ಬ್ಯಾಂಕೇ. ಜಾಗ ಬಾಡಿಗೆ ಕೊಟ್ಟವರಲ್ಲ.

ಬಾಡಿಗೆಯ ಲೆಕ್ಕವನ್ನೂ ಆಗಾಗ ತೆಗೆದು ನೋಡುವುದು ಒಳ್ಳೆಯದು. ಹಬ್ಬಕ್ಕೆ ಹಿಗ್ಗಿ ಆಷಾಢಕ್ಕೆ ಕುಗ್ಗುವ ವ್ಯಾಪಾರಕ್ಕೆ ಮೀಟರಿನ ಪದ್ಧತಿ ಲಾಭ. ವರ್ಷವಿಡೀ ಒಂದೇ ಸಮನೆ ಭಾರ ಹೊರುವವರಿಗೆ ಸ್ವಂತ ಮನೆ ಅಗ್ಗವಾಗಬಹುದು. ಡ್ರಾಪ್‌ಬಾಕ್ಸ್ ಸಂಸ್ಥೆ ತನ್ನ ಗ್ರಾಹಕರ ಕಡತಗಳಲ್ಲಿ ಬಹುಪಾಲನ್ನು ಅಮೆಜಾನಿನಿಂದ ಹೊರತಂದು ಸ್ವಂತ ಯಂತ್ರಗಳಲ್ಲಿಟ್ಟು, 2016 ಮತ್ತು 2017ರಲ್ಲಿ ಒಟ್ಟು 7 ಕೋಟಿ 46 ಲಕ್ಷ ಡಾಲರುಗಳಷ್ಟು ಖರ್ಚು ಉಳಿಸಿತು. ಹೊರಡುವುದೂ ಅಷ್ಟು ಸುಲಭವಲ್ಲ. ಸರಕನ್ನು ಒಳಗೆ ತರುವಾಗ ಸುಂಕವಿಲ್ಲ, ಹೊರಗೆ ಒಯ್ಯುವಾಗ ಮಾತ್ರ ಉಂಟು ಎಂಬುದು ಮೋಡದ ಅಂಗಡಿಗಳ ಬಹುಕಾಲದ ರೂಢಿ. ಪೂರ್ತಿಯಾಗಿ ಬಿಟ್ಟುಹೋಗುವ ಗಿರಾಕಿಗಳಿಗೆ ಗೂಗಲ್, ಅಮೆಜಾನ್, ಮೈಕ್ರೊಸಾಫ್ಟ್ ಮೂರೂ ಈ ಸುಂಕ ಮನ್ನಾ ಮಾಡಿದ್ದು 2024ರಲ್ಲಿ.

ಭಾರತದ ಮಟ್ಟಿಗೆ ಇನ್ನೊಂದು ಕಟ್ಟುಪಾಡು ಸೇರಿದೆ. ಹಣ ಪಾವತಿಯ ದಾಖಲೆಗಳನ್ನು ಭಾರತದೊಳಗೆ ಮಾತ್ರ ಇಡಬೇಕೆಂದು ರಿಜ಼ರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ಎರಡನೆಯ ಪ್ರತಿಗೆಂದು ಸಿಂಗಪುರವನ್ನೋ ವರ್ಜೀನಿಯಾವನ್ನೋ ಆರಿಸಿಕೊಳ್ಳುವ ದಾರಿ ಅಂಥ ಸಂಸ್ಥೆಗಳಿಗೆ ಮುಚ್ಚಿತು. ಮೈಕ್ರೊಸಾಫ್ಟ್ 2015ರಲ್ಲಿಯೇ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ಕೇಂದ್ರ ತೆರೆದಿತ್ತು. ಅಮೆಜಾನಿಗೆ 2016ರಿಂದ ಇದ್ದದ್ದು ಮುಂಬಯಿಯ ಪ್ರಾಂತವೊಂದೇ. ಅದರ ವಲಯಗಳು ಎಷ್ಟೇ ಪ್ರತ್ಯೇಕವಾಗಿದ್ದರೂ ಎಲ್ಲವೂ ಒಂದೇ ಮುಂಗಾರಿನ ಕೆಳಗಿರುವಂಥವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನದೊಳಗೆ 944 ಮಿಲಿಮೀಟರ್ ಮಳೆ ಸುರಿದುದನ್ನು ಆ ಊರು ಮರೆತಿಲ್ಲ. ಹೈದರಾಬಾದಿನಲ್ಲಿ ಅಮೆಜಾನಿನ ಎರಡನೆಯ ಪ್ರಾಂತ ತೆರೆದದ್ದು 2022ರ ನವೆಂಬರಿನಲ್ಲಿ.

ಎರಡೂ ಕಡೆ ಪೂರ್ತಿ ಸಂಸಾರ ಹೂಡಿದರೆ ಖರ್ಚು ಸರಿಸುಮಾರು ಇಮ್ಮಡಿ. ಎಂದೂ ವಾಸ ಮಾಡಬೇಕಾಗಿ ಬಾರದಿರಲೆಂದು ಹಾರೈಸುವ ಮನೆಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟುವುದು ಯಾವ ಯಜಮಾನನಿಗೂ ರುಚಿಸದು. ಅನುಭವಸ್ಥ ಶಿಲ್ಪಿಗಳು ಇಂಥಲ್ಲಿ ಯಂತ್ರದ ಮಾತೆತ್ತುವ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ: ಅಂಗಡಿ ಎಷ್ಟು ಹೊತ್ತು ಮುಚ್ಚಿದ್ದರೆ ತಾಳೀತು? ಎಷ್ಟು ಹೊತ್ತಿನ ಲೆಕ್ಕ ಅಳಿಸಿಹೋದರೆ ಮತ್ತೆ ಬರೆದುಕೊಳ್ಳಬಹುದು? ಸಂಬಳದ ಪಟ್ಟಿಗೆ ಒಂದು ದಿನವೆಂಬ ಉತ್ತರ ಬರಬಹುದು. ಹಳೆಯ ಪತ್ರವ್ಯವಹಾರಕ್ಕೆ ಒಂದು ವಾರ. ಹಣ ಪಾವತಿಯ ಖಾತೆಗೆ ಬಂದಾಗ ಯಜಮಾನನು ತುಸು ಹೊತ್ತು ಸುಮ್ಮನಿದ್ದು, ಒಂದು ನಿಮಿಷವೂ ಆಗದೆನ್ನುತ್ತಾನೆ. ಹೈದರಾಬಾದಿನ ಬಾಡಿಗೆಯ ಮಾತು ಶುರುವಾಗುವುದು ಆಗ.